ಮೂವತ್ತು ಲಕ್ಷ ಮೈಲಿಯ ಹಾದಿಯಲ್ಲಿ

ಅಮೇರಿಕಾ ಸಂಯುಕ್ತ ಸಂಸ್ಥಾನದ ವಾಯವ್ಯದ ತುದಿಯಲ್ಲಿ, ನಡುವೆ ಕೆನಡಾ ದೇಶವನ್ನಿರಿಸಿಕೊಂಡು ತನ್ನ ಪಾಡಿಗೆ ತಾನು ಬೇರೆಯಾಗಿ ನಿಂತಿರುವ ಅಲಾಸ್ಕಾ ರಾಜ್ಯವನ್ನು ನೋಡುವ ಯೋಗ ನಮಗೆ ಒದಗಿಬಂದದ್ದು ಕಳೆದ ಸೆಪ್ಟೆಂಬರ್ ತಿಂಗಳಿನಲ್ಲಿ. ಸಿಯಾಟಲ್ ನಗರದಲ್ಲಿ ನೆಲೆಸಿರುವ ನಮ್ಮ ಮಗನು ಒಂದು ವಾರದ ರಜೆ ಪಡೆದು ನಮ್ಮನ್ನೂ ನಮ್ಮ ಮನೆಯವರನ್ನೂ ಅಲ್ಲಿಗೆ ಕರೆದೊಯ್ದನು. ಸಿಯಾಟಲ್‌ನಿಂದ ಆಂಕರೇಜ್ ನಗರಕ್ಕೆ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆಯ ಪ್ರಯಾಣ. ಅಲಾಸ್ಕಾಕ್ಕೆ ಹೋದವರು ಹಿಮನದಿಗಳನ್ನೂ ತಿಮಿಂಗಿಲಗಳನ್ನೂ ನೋಡಿ ಬರುತ್ತಾರೆ. ನಾವೂ ನೋಡಿದೆವು. ಆದರೆ ಆ ಪ್ರವಾಸದಲ್ಲಿ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತದ್ದು ಹಿಮವೂ ಅಲ್ಲ, ತಿಮಿಂಗಿಲವೂ ಅಲ್ಲ. ಒಂದು ರಸ್ತೆ, ಆ ರಸ್ತೆಯ ಮೇಲೆ ಒಮ್ಮೆ ಹಾದುಹೋದ ಒಂದು ಕೆಂಪು ಕಾರಿನ ಕಥೆ. ಅದನ್ನು ನಮ್ಮ ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದೇ ಈ ಬರವಣಿಗೆಯ ಉದ್ದೇಶ.

ಆ ರಸ್ತೆಯ ಹೆಸರು ಸೂವರ್ಡ್ ಹೆದ್ದಾರಿ. ಆಂಕರೇಜ್‌ನಿಂದ ದಕ್ಷಿಣಕ್ಕೆ ಹೊರಟು, ಸಮುದ್ರದ ಅಂಚಿನಲ್ಲಿ ಸಾಗಿ, ಪರ್ವತಗಳನ್ನು ದಾಟಿ, ಸೂವರ್ಡ್ ಎಂಬ ಬಂದರು ಪಟ್ಟಣವನ್ನು ಸೇರುವ ಸುಮಾರು 127 ಮೈಲಿಗಳ ಹಾದಿ ಅದು. 1951ರಲ್ಲಿ ಪೂರ್ಣಗೊಂಡಿತು. ಮೈಲಿಗಲ್ಲುಗಳ ಎಣಿಕೆ ಸೂವರ್ಡ್ ಪಟ್ಟಣದಿಂದ ಆರಂಭವಾಗುವುದರಿಂದ, ಆಂಕರೇಜ್‌ನಿಂದ ಹೊರಟವರಿಗೆ ಅಂಕಿಗಳು ಇಳಿಯುತ್ತ ಹೋಗುತ್ತವೆ. ಹಾಡಹಗಲಿನಲ್ಲಿಯೂ ದೀಪ ಹಚ್ಚಿಕೊಂಡೇ ವಾಹನ ನಡೆಸಬೇಕೆಂಬುದು ಆ ಹೆದ್ದಾರಿಯ ಕಟ್ಟಳೆ. ಬಿಸಿಲಿನಲ್ಲಿ ದೀಪ ಉರಿಸಿಕೊಂಡು ಎದುರಾಗುವ ಕಾರುಗಳ ಸಾಲನ್ನು ಕಂಡು ನಮ್ಮ ಮನೆಯವರಿಗೆ ಮೊದಮೊದಲು ಸೋಜಿಗ. ಬೆಟ್ಟದ ತಿರುವುಗಳು ಬಂದಮೇಲೆ ಅದರ ಕಾರಣ ತಾನಾಗಿ ತಿಳಿಯಿತು.

ನಗರ ಹಿಂದಾಗುತ್ತಿದ್ದಂತೆ ಪಾಟರ್ ಜೌಗು ಪ್ರದೇಶ. ಅಲ್ಲಿಂದ ಮುಂದೆ ಎಡಕ್ಕೆ ಚುಗಾಚ್ ಪರ್ವತಶ್ರೇಣಿ ಗೋಡೆಯಂತೆ ಎದ್ದು ನಿಂತರೆ, ಬಲಕ್ಕೆ ಟರ್ನಗೇನ್ ಆರ್ಮ್ ಎಂಬ ಕಡಲಿನ ತೋಳು. ಅವೆರಡರ ನಡುವಿನ ಕಿರಿದಾದ ಜಾಗದಲ್ಲಿ ರಸ್ತೆ ಮತ್ತು ರೈಲು ಹಳಿ ಅಣ್ಣ ತಮ್ಮಂದಿರಂತೆ ಒಂದನ್ನೊಂದು ಒತ್ತಿಕೊಂಡು ಸಾಗುತ್ತವೆ. 1778ರಲ್ಲಿ ಕ್ಯಾಪ್ಟನ್ ಕುಕ್ ಎಂಬ ಆಂಗ್ಲ ನಾವಿಕನು ವಾಯವ್ಯದ ಜಲಮಾರ್ಗವನ್ನು ಹುಡುಕುತ್ತ ಈ ಭಾಗಕ್ಕೆ ಬಂದು, ಮುಂದೆ ದಾರಿ ಕಾಣದೆ ಮತ್ತೊಮ್ಮೆ ಹಡಗನ್ನು ಹಿಂದಿರುಗಿಸಬೇಕಾಯಿತು. ‘ಮತ್ತೆ ತಿರುಗು’ ಎಂಬ ಅರ್ಥದ ಆ ಹೆಸರು ಹೀಗೆ ಬಂದಿತು. ಇಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಮೂವತ್ತು ಅಡಿಗೂ ಮಿಗಿಲು. ಇಳಿತದ ವೇಳೆಯಲ್ಲಿ ಮೈಲಿಗಟ್ಟಲೆ ಬೂದುಬಣ್ಣದ ಕೆಸರು ತೆರೆದುಕೊಳ್ಳುತ್ತದೆ. ಹಿಮನದಿಗಳು ಬಂಡೆಯನ್ನು ಅರೆದು ತಂದ ನುಣುಪಾದ ಹುಡಿ ಅದು. ನೋಡಲು ಗಟ್ಟಿ ನೆಲ, ಕಾಲಿಟ್ಟರೆ ಹಿಡಿದುಕೊಳ್ಳುವ ಹುದಲು. ಅದರ ಮೇಲೆ ನಡೆಯಬಾರದೆಂದು ಎಚ್ಚರಿಕೆಯ ಫಲಕಗಳಿವೆ.

ಬೆಲೂಗಾ ಪಾಯಿಂಟ್ ಎಂಬಲ್ಲಿ ಕಾರು ನಿಲ್ಲಿಸಿ, ಮನೆಯಿಂದ ತಂದಿದ್ದ ಚುರುಮುರಿ ಚೂಡಾ ಮತ್ತು ಶೇಂಗಾ ಹೋಳಿಗೆಗಳನ್ನು ತಿಂದು, ಫ್ಲಾಸ್ಕಿನ ಚಹಾ ಕುಡಿದೆವು. ಬರ್ಚ್ ಮರಗಳ ಎಲೆಗಳು ಹಳದಿಯಾಗಿ ಗಾಳಿಗೆ ಉದುರುತ್ತಿದ್ದವು. ಮಗನು ಆ ಕಾರಿನ ಕಥೆಯನ್ನು ನಮಗೆ ಹೇಳಿದ್ದು ಅಲ್ಲಿಯೇ.

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಇರ್ವ್ ಗಾರ್ಡನ್ ಎಂಬ ಶಾಲಾ ಶಿಕ್ಷಕರಿದ್ದರು. ಮಕ್ಕಳಿಗೆ ವಿಜ್ಞಾನ ಕಲಿಸುವುದು ಅವರ ವೃತ್ತಿ. ಮನೆಯಿಂದ ಶಾಲೆಗೆ ಹೋಗಿ ಬರಲು ದಿನಕ್ಕೆ 125 ಮೈಲಿ, ಎಂದರೆ 200 ಕಿಲೋಮೀಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಧಾರವಾಡದಿಂದ ಹುಬ್ಬಳ್ಳಿಗೆ ಐದು ಸಲ ಹೋಗಿ ಐದು ಸಲ ಬಂದಂತೆ, ಅದೂ ಪ್ರತಿದಿನ. ಇಷ್ಟು ದೂರ ನಂಬಿ ಓಡಿಸಬಹುದಾದ ವಾಹನವೊಂದು ಅವರಿಗೆ ಬೇಕಾಗಿದ್ದಿತು. 1966ರ ಜೂನ್ ಕೊನೆಯಲ್ಲಿ ಅವರು 4,150 ಡಾಲರ್ ಕೊಟ್ಟು ಕೆಂಪು ಬಣ್ಣದ ವೋಲ್ವೋ ಪಿ 1800 ಎಸ್ ಕಾರನ್ನು ಕೊಂಡರು. ಆ ಮೊತ್ತ ಅವರ ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಕಾರು ಕೈಗೆ ಬಂದ ಆ ವಾರದ ಕೊನೆಯಲ್ಲಿಯೇ ಅವರು ಅದರಲ್ಲಿ 1,500 ಮೈಲಿ ತಿರುಗಿಬಿಟ್ಟರಂತೆ.

ಅದು ಮನೆಮಂದಿಯೆಲ್ಲ ಹಿಡಿಸುವಂಥ ಸಂಸಾರಸ್ಥ ಕಾರಲ್ಲ. ಎರಡು ಬಾಗಿಲಿನ, ನೆಲಕ್ಕೆ ತಗ್ಗಿದ, ಸೊಗಸುಗಾರ ಕ್ರೀಡಾ ಕಾರು. ಸ್ವೀಡನ್ ದೇಶದ ಪೆಲ್ಲೆ ಪೆಟ್ಟರ್ಸನ್ ಎಂಬ ತರುಣನು ಇಟಲಿಯ ಫ್ರುವಾ ಅವರ ಕೈಕೆಳಗಿದ್ದಾಗ ಅದರ ರೂಪವನ್ನು ಬರೆದನು. ಕಂಪನಿಯ ಮುಖ್ಯಸ್ಥರಿಗೆ ಬೇಕಾಗಿದ್ದುದು ಇಟಲಿಯವರ ಕೈಚಳಕ. ಹೀಗಾಗಿ ಸ್ವದೇಶದ ಹುಡುಗನ ಹೆಸರು ಬಹುಕಾಲ ಮರೆಯಲ್ಲಿಯೇ ಉಳಿಯಿತು. ಅದೇ ಪೆಟ್ಟರ್ಸನ್ ಮುಂದೆ ಹಾಯಿದೋಣಿ ಸ್ಪರ್ಧೆಯಲ್ಲಿ ಒಲಿಂಪಿಕ್ ಪದಕಗಳನ್ನು ಗೆದ್ದನು. 1961ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರುಗಳನ್ನು ಮೊದಲು ಇಂಗ್ಲೆಂಡಿನಲ್ಲಿ ಜೋಡಿಸುತ್ತಿದ್ದರು. 1963ರಿಂದ ಆ ಕೆಲಸ ಸ್ವೀಡನ್ನಿಗೆ ಬಂದಿತು. ಹೆಸರಿನ ಕೊನೆಯ ‘ಎಸ್’ ಅಕ್ಷರ ಸ್ವೀಡನ್ನಿನ ಗುರುತು. ‘ದಿ ಸೇಂಟ್’ ಎಂಬ ದೂರದರ್ಶನ ಧಾರಾವಾಹಿಯಲ್ಲಿ ನಟ ರೋಜರ್ ಮೂರ್ ಇದನ್ನು ಓಡಿಸಿದ್ದರಿಂದ ಅದಕ್ಕೆ ದೊಡ್ಡ ಹೆಸರೂ ಬಂದಿತು. ಮೇಲೆ ಇಷ್ಟು ಒಯ್ಯಾರವಿದ್ದರೂ ಒಳಗಿನ ಎಂಜಿನ್ ಮಾತ್ರ ರೈತನ ಎತ್ತಿನಂತೆ ಗಟ್ಟಿಮುಟ್ಟು: ಎರಕದ ಕಬ್ಬಿಣದ ಮೈ, ನಾಲ್ಕು ಸಿಲಿಂಡರು, ಅವುಗಳ ದಂಡವನ್ನು ಐದು ಕಡೆ ಹಿಡಿದು ನಿಲ್ಲಿಸುವ ಬೇರಿಂಗುಗಳು.

ಇಂಥ ಕಾರನ್ನು ಕೊಂಡವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಭಾನುವಾರ ಹೊರತೆಗೆದು, ಒರೆಸಿ, ಊರಿಗೆಲ್ಲ ತೋರಿಸಿ, ಮತ್ತೆ ಒಳಗಿಟ್ಟು ಹೊದಿಕೆ ಹೊದಿಸುತ್ತಾರೆ. ಗಾರ್ಡನ್ ಅವರು ಹಾಗೆ ಮಾಡಲಿಲ್ಲ. ಮಳೆಯೆನ್ನದೆ ಹಿಮವೆನ್ನದೆ ದಿನವೂ ಶಾಲೆಗೆ ಅದರಲ್ಲಿಯೇ ಹೋದರು. ರಜೆ ಬಂದರೆ ದೇಶ ಸುತ್ತಿದರು. 1987ರಲ್ಲಿ ಹತ್ತು ಲಕ್ಷ ಮೈಲಿ ತುಂಬಿತು. 1998ರಲ್ಲಿ, 16 ಲಕ್ಷ 90 ಸಾವಿರ ಮೈಲಿಯಾದಾಗ, ಒಬ್ಬನೇ ಒಡೆಯನು ಸ್ವಂತ ಉಪಯೋಗಕ್ಕಾಗಿ ಅತ್ಯಧಿಕ ದೂರ ಓಡಿಸಿದ ವಾಹನವೆಂದು ಗಿನ್ನೆಸ್ ದಾಖಲೆಗೆ ಸೇರಿತು. 2002ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಇಪ್ಪತ್ತು ಲಕ್ಷ. 2013ರ ಸೆಪ್ಟೆಂಬರಿನಲ್ಲಿ, ಇದೇ ಸೂವರ್ಡ್ ಹೆದ್ದಾರಿಯಲ್ಲಿ, ಗರ್ಡ್‌ವುಡ್ ಎಂಬ ಹಳ್ಳಿಯ ಹತ್ತಿರ, ಮೂವತ್ತು ಲಕ್ಷ ಮೈಲಿ.

ನಾವು ಕಿಸೆಯಿಂದ ಪೆನ್ನು ತೆಗೆದು ಲೆಕ್ಕ ಹಾಕಿದೆವು. ಮೂವತ್ತು ಲಕ್ಷ ಮೈಲಿ ಎಂದರೆ 48 ಲಕ್ಷ 28 ಸಾವಿರ ಕಿಲೋಮೀಟರು. ಭೂಮಧ್ಯರೇಖೆಯ ಗುಂಟ ಭೂಮಿಯನ್ನು 120 ಸಲ ಸುತ್ತಬಹುದು. ಚಂದ್ರಲೋಕಕ್ಕೆ ಆರು ಸಲ ಹೋಗಿ ಬಂದು ಇನ್ನೂ ದಾರಿ ಉಳಿಯುತ್ತದೆ. ನಲವತ್ತೇಳು ವರ್ಷಗಳಿಗೆ ಹಂಚಿದರೆ, ಒಂದು ದಿನವೂ ತಪ್ಪದಂತೆ ದಿನಕ್ಕೆ ಸುಮಾರು 280 ಕಿಲೋಮೀಟರು! ಶಾಲೆಯ ಹಾದಿಯೊಂದರಿಂದಲೇ ಇಷ್ಟಾಗದು. ಓಡಿಸುವುದೇ ಅವರಿಗೆ ಸಂತೋಷವಾಗಿದ್ದಿತು.

ಚಹಾ ಮುಗಿಸಿ ಮುಂದೆ ಹೊರಟೆವು. ವಿಂಡಿ ಪಾಯಿಂಟ್ ಬಳಿ ಕಡಿದಾದ ಬಂಡೆಯ ಮೇಲೆ ಬಿಳಿಯ ಕಾಡುಕುರಿಗಳು ನಿರ್ಭಯವಾಗಿ ಮೇಯುತ್ತಿದ್ದವು. ತೊಂಬತ್ತನೆಯ ಮೈಲಿಗಲ್ಲಿನ ಹತ್ತಿರ ಗರ್ಡ್‌ವುಡ್ ಹಳ್ಳಿಗೆ ಹೋಗುವ ತಿರುವು ಬಂದಿತು. ಮಗನು ಕಾರನ್ನು ಬದಿಗೆ ನಿಲ್ಲಿಸಿ, “ಅಪ್ಪಾ, ಇದೇ ಆಜೂಬಾಜೂ ನೋಡ್ರಿ, ಮೂವತ್ತು ಲಕ್ಷ ಆಗಿದ್ದು,” ಎಂದನು.

ನಾವು ಕೆಳಗಿಳಿದು ಸುತ್ತಲೂ ನೋಡಿದೆವು. ನಮ್ಮ ಕಣ್ಣಿಗೆ ಯಾವ ಕಲ್ಲೂ ಫಲಕವೂ ಬೀಳಲಿಲ್ಲ. ರಸ್ತೆ, ಹಳಿ, ಬೂದು ಕೆಸರು, ದೂರದಲ್ಲಿ ಹಿಮದ ಶಿಖರಗಳು. ನಮ್ಮ ಮನೆಯವರು, “ಇಲ್ಲೇನೂ ಇಲ್ಲಲ್ಲೋ ತಮ್ಮಾ,” ಎಂದರು. ಅವನು ನಕ್ಕು, “ಏನೂ ಇರಾಂಗಿಲ್ಲವಾ. ಅವರು ಇಲ್ಲಿ ನಿಲ್ಲಾಕ ಬಂದಿರಲಿಲ್ಲ, ಹಾದು ಹೋಗಾಕ ಬಂದಿದ್ರು,” ಎಂದನು.

ಆದರೆ ಅಲ್ಲಿ ಒಂದು ದೃಶ್ಯವಿದ್ದಿತು. ರಸ್ತೆಯ ಬದಿಯ ತಗ್ಗಿನಲ್ಲಿ ನೂರಾರು ಒಣ ಮರಗಳು ಎಲೆಯಿಲ್ಲದೆ, ತೊಗಟೆಯಿಲ್ಲದೆ, ಬೆಳ್ಳಿಯ ಬಣ್ಣಕ್ಕೆ ತಿರುಗಿ ನೆಟ್ಟಗೆ ನಿಂತಿದ್ದವು. 1964ರ ಮಾರ್ಚ್ 27ರಂದು ಅಲಾಸ್ಕಾದಲ್ಲಿ 9.2 ಪ್ರಮಾಣದ ಭೂಕಂಪವಾಯಿತು. ನಾಲ್ಕು ನಿಮಿಷಕ್ಕೂ ಮಿಗಿಲಾಗಿ ನೆಲ ನಡುಗಿತು. ಈ ಭಾಗದ ಭೂಮಿ ಹಲವು ಅಡಿ ಕುಸಿದು, ಸಮುದ್ರದ ಉಪ್ಪುನೀರು ಬೇರುಗಳಿಗೆ ನುಗ್ಗಿ ಮರಗಳು ನಿಂತಲ್ಲಿಯೇ ಸತ್ತವು. ಹಳೆಯ ಗರ್ಡ್‌ವುಡ್ ಊರನ್ನು ಕಣಿವೆಯ ಮೇಲ್ಭಾಗಕ್ಕೆ ಸಾಗಿಸಬೇಕಾಯಿತು. ಉಪ್ಪು ಹೀರಿದ ಕಟ್ಟಿಗೆ ಕೊಳೆಯದೆ ಅರುವತ್ತು ವರ್ಷಗಳ ನಂತರವೂ ಹಾಗೆಯೇ ನಿಂತಿದೆ. ಕೆಡದೆ ಉಳಿದಿವೆ ನಿಜ, ಆದರೆ ಚಿಗುರುವುದಿಲ್ಲ.

ಅವುಗಳನ್ನು ನೋಡುತ್ತ ನಿಂತಾಗ, ಧಾರವಾಡದ ನಮ್ಮ ಮನೆಯ ಹಿತ್ತಲಿನ ತಗಡಿನ ಶೆಡ್ಡು ನಮಗೆ ನೆನಪಾಯಿತು.

ಅಲ್ಲಿ ನಮ್ಮ ತೀರ್ಥರೂಪರ ಫಿಯಟ್ ಕಾರು ಇದೆ. ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ ನಡೆಸುತ್ತಿದ್ದ ಅವರು 1979ರಲ್ಲಿ ಅದನ್ನು ಕೊಂಡರು. ಅಂದಿನಿಂದ ಇಪ್ಪತ್ತೈದು ವರ್ಷ ಬೆಳಿಗ್ಗೆ ಧಾರವಾಡದಿಂದ ಹೋಗಿ ಸಂಜೆ ಮರಳುತ್ತಿದ್ದರು. ದಿನಕ್ಕೆ ನಲವತ್ತು ಕಿಲೋಮೀಟರಿನಂತೆ ಅದೂ ಮೂರು ಲಕ್ಷ ಕಿಲೋಮೀಟರಿನ ಹತ್ತಿರ ಓಡಿರಬೇಕು. ಬೀಗರು ಬಂದರೆ ಸ್ಟೇಷನ್ನಿಗೆ ಅದೇ, ಬಾಣಂತಿಯನ್ನು ಕರೆತರಲು ಅದೇ, ಸುಗ್ಗಿಯಲ್ಲಿ ಹೊಲದಿಂದ ಸೀತನಿ ತೆನೆ ತರಲು ಅದೇ. ಬೆಳಿಗ್ಗೆ ನೀರು, ಎಣ್ಣೆ, ಗಾಲಿಯ ಗಾಳಿ ನೋಡದೆ ಅವರು ಎಂದೂ ಬಾಗಿಲು ತೆರೆದವರಲ್ಲ.

2004ರಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಹಗಲಿನಲ್ಲಿ ನಿಧಾನವಾಗಿ ಓಡಿಸಲು ಅಡ್ಡಿಯಿಲ್ಲವೆಂದು ವೈದ್ಯರು ಹೇಳಿದ್ದರು. ಆದರೂ ನಾವು ಹೆದರಿದೆವು. ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹೆಚ್ಚಾಗಿದ್ದಿತು, ಅವರಿಗೆ ಎಪ್ಪತ್ತನಾಲ್ಕು ತುಂಬಿದ್ದಿತು. “ಇನ್ನ ಸಾಕ್ರಿ ಅಪ್ಪಾ, ಆರಾಮ ಮನಿಯಾಗ ಇರ್ರಿ,” ಎಂದು ಕೀಲಿಕೈಯನ್ನು ನಮ್ಮ ಕಪಾಟಿನಲ್ಲಿಟ್ಟೆವು. ಅವರು ವಾದ ಮಾಡಲಿಲ್ಲ. ಮರುದಿನದಿಂದ ಬೆಳಿಗ್ಗೆ ಶೆಡ್ಡಿಗೆ ಹೋಗಿ ಕಾರನ್ನು ಅರಿವೆಯಿಂದ ಒರೆಸಿ ಬರುತ್ತಿದ್ದರು, ಅಷ್ಟೆ. ಕೆಲವು ತಿಂಗಳ ನಂತರ ಬ್ಯಾಟರಿ ಸತ್ತುಹೋಗಿದೆಯೆಂದು ಒಮ್ಮೆ ಹೇಳಿದರು. ಹೇಗೂ ಓಡಿಸುವುದಿಲ್ಲವಲ್ಲ ಎಂದು ನಾವು ಹೊಸದನ್ನು ಹಾಕಿಸಲಿಲ್ಲ. ಎರಡನೆಯ ಸಲ ಅವರು ಕೇಳಲಿಲ್ಲ. ಕ್ರಮೇಣ ಒರೆಸಲು ಹೋಗುವುದೂ ನಿಂತಿತು. ಪೇಟೆಯ ಸುದ್ದಿ ಕೇಳುವುದೂ ನಿಂತಿತು. 2008ರಲ್ಲಿ ಅವರು ಲಿಂಗೈಕ್ಯರಾದರು. ಅವರ ನೆನಪಿಗೆಂದು ಕಾರನ್ನು ಮಾರದೆ, ತಾಡಪತ್ರಿ ಹೊದಿಸಿ ಜೋಪಾನವಾಗಿ ಇಟ್ಟೆವು. ಜೋಪಾನವೆಂದು ನಾವು ತಿಳಿದಿದ್ದೆವು.

ಯಂತ್ರಗಳನ್ನು ಬಲ್ಲವರನ್ನು ಕೇಳಿದರೆ ತಿಳಿಯುವ ಸಂಗತಿಯೊಂದಿದೆ. ಎಂಜಿನ್ನಿಗೆ ಹೆಚ್ಚಿನ ಸವೆತವಾಗುವುದು ತಣ್ಣಗಿದ್ದದ್ದನ್ನು ಚಾಲೂ ಮಾಡುವಾಗ. ಏಕೆಂದರೆ ನಿಂತಾಗ ಎಣ್ಣೆ ಕೆಳಗಿಳಿದಿರುತ್ತದೆ. ಒಮ್ಮೆ ಬಿಸಿಯಾಗಿ ಸಮನಾದ ವೇಗದಲ್ಲಿ ದೂರ ಓಡಿದರೆ ಸವೆತ ಅತ್ಯಲ್ಪ. ಒಳಗೆ ಸೇರಿದ ನೀರಿನ ಪಸೆಯೂ ಆವಿಯಾಗಿ ಹೋಗುತ್ತದೆ. ಓಡದೆ ನಿಂತ ವಾಹನದಲ್ಲಿ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ, ಬ್ರೇಕುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ, ಇಲಿಗಳು ತಂತಿಗಳನ್ನು ಕಡಿಯುತ್ತವೆ. ಗಾರ್ಡನ್ ಅವರ ಕಾರು ಬಾಳಿದ್ದು ಅಷ್ಟು ಓಡಿಯೂ ಅಲ್ಲ, ಬಹುಮಟ್ಟಿಗೆ ಅಷ್ಟು ಓಡಿದ್ದರಿಂದಲೇ.

ಅದಕ್ಕೆ ತಕ್ಕ ಆರೈಕೆಯೂ ಇದ್ದಿತೆನ್ನಿ. ಅವರ ಗುಟ್ಟನ್ನು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದುದು ಬಹಳ ಸಾದಾ ಮಾತು: ಕಾರಿನೊಡನೆ ಬಂದ ಕೈಪಿಡಿಯನ್ನು ಓದಿ ಅದರಂತೆ ನಡೆಯಿರಿ. ಮೂರು ಸಾವಿರ ಮೈಲಿ ಮುಗಿಯುತ್ತಿದ್ದಂತೆ ಎಣ್ಣೆ ಬದಲಾವಣೆ, ಅಸಲು ಬಿಡಿಭಾಗಗಳ ಬಳಕೆ, ಸಣ್ಣ ಸದ್ದು ಕೇಳಿದರೂ ಅಂದೇ ನೋಡಿಬಿಡುವುದು. ಮೊದಲ 6 ಲಕ್ಷ 80 ಸಾವಿರ ಮೈಲಿಯವರೆಗೆ ಎಂಜಿನ್ ಬಿಚ್ಚುವ ಪ್ರಸಂಗವೇ ಬರಲಿಲ್ಲ. ಮೈಲಿಗೆ ಒಂದು ಡಾಲರ್ ಕೊಡುವವರಿದ್ದರೆ ಮಾರುವೆನೆಂದು ಅವರು ವಿನೋದವಾಗಿ ಹೇಳುತ್ತಿದ್ದರು. ಅಂಥ ಗಿರಾಕಿ ಬರುವುದಿಲ್ಲವೆಂಬುದು ಅವರಿಗೆ ಗೊತ್ತಿದ್ದಿರಬೇಕು. ಶಾಲೆಯಿಂದ ನಿವೃತ್ತರಾದ ಮೇಲೂ ಅವರ ಓಡಾಟ ನಿಲ್ಲಲಿಲ್ಲ; ಹೆಚ್ಚಿತು. ಮೂವತ್ತು ಲಕ್ಷ ತುಂಬಿದಾಗ ಅವರಿಗೆ ಎಪ್ಪತ್ತು ದಾಟಿದ್ದಿತು. ಮುಂದಿನ ಐದು ವರ್ಷಗಳಲ್ಲಿ ಮತ್ತೆ ಎರಡು ಲಕ್ಷಕ್ಕೂ ಮಿಗಿಲಾದ ಮೈಲಿಗಳನ್ನು ಕೂಡಿಸಿ, 2018ರ ನವೆಂಬರಿನಲ್ಲಿ, ಚೀನಾ ದೇಶದ ಪ್ರವಾಸದಲ್ಲಿದ್ದಾಗ ಅವರು ತೀರಿಕೊಂಡರು.

ಗರ್ಡ್‌ವುಡ್‌ನಿಂದ ಮುಂದೆ ಬಹಳ ಹೊತ್ತು ನಾವಾರೂ ಮಾತನಾಡಲಿಲ್ಲ. ಕೊನೆಗೆ ನಮ್ಮ ಮನೆಯವರು ಮೆಲ್ಲನೆ, “ಮಾವನವರಿಗೆ ಆ ಕೀಲಿಕೈ ಕೊಟ್ಟಿದ್ರ ಏನಾಗ್ತಿತ್ರಿ?” ಎಂದು ಕೇಳಿದರು. ಅಪಘಾತವಾಗಬಹುದಿತ್ತು ಎಂದು ಹೇಳಲು ಹೊರಟೆವು. ಅದು ಸುಳ್ಳೂ ಅಲ್ಲ. ವಯಸ್ಸಾದವರ ಕೈಯಲ್ಲಿ ವಾಹನ ಕೊಡುವಾಗ ಅವರ ಕಣ್ಣು, ಕಿವಿ, ಕೈಕಾಲುಗಳ ಸ್ಥಿತಿಯನ್ನು ನೋಡಲೇಬೇಕು. ರಸ್ತೆಯ ಮೇಲೆ ಬೇರೆಯವರ ಮಕ್ಕಳೂ ಇರುತ್ತಾರೆ. ಆದರೆ ನಾವು ಅದಾವುದನ್ನೂ ಪರೀಕ್ಷಿಸಿ ನೋಡಿರಲಿಲ್ಲ. ಹುಬ್ಬಳ್ಳಿಯ ಹೆದ್ದಾರಿ ಬೇಡವಾಗಿದ್ದರೆ ನಮ್ಮ ಓಣಿಯಿಂದ ಹೊಲದವರೆಗಿನ ನಿರ್ಜನ ದಾರಿಯಿತ್ತು. ಪಕ್ಕದಲ್ಲಿ ನಾವು ಕುಳಿತುಕೊಳ್ಳಬಹುದಿತ್ತು. ಒಂದು ಬ್ಯಾಟರಿಯನ್ನಾದರೂ ಹಾಕಿಸಬಹುದಿತ್ತು. ನಮ್ಮ ನಿಶ್ಚಿಂತೆಗಾಗಿ ಮಾಡಿದ್ದನ್ನು ಅವರ ಕ್ಷೇಮಕ್ಕಾಗಿ ಮಾಡಿದೆವೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆವು. ಮನೆಯವರಿಗೆ ನಾವು ಉತ್ತರ ಕೊಡಲಿಲ್ಲ. ಮಗನು ಕನ್ನಡಿಯಲ್ಲಿ ಒಮ್ಮೆ ನಮ್ಮ ಮುಖ ನೋಡಿ, ಮತ್ತೆ ರಸ್ತೆಯ ಕಡೆ ತಿರುಗಿದನು.

ಊರಿಗೆ ಮರಳಿದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ತಾಡಪತ್ರಿಯನ್ನು ತೆಗೆದದ್ದು. ಇಲಿಗಳು ಹಿಂದಿನ ಸೀಟಿನಲ್ಲಿ ಸಂಸಾರ ಹೂಡಿದ್ದವು. ತಂತಿಗಳೆಲ್ಲ ತುಂಡು, ಗಾಲಿಗಳು ನೆಲಕ್ಕೆ ಕುಳಿತಿದ್ದವು. ನಮ್ಮ ತೀರ್ಥರೂಪರ ಕಾಲದಿಂದಲೂ ಬಲ್ಲ ಮಿಸ್ತ್ರಿಯನ್ನು ಕರೆಸಿದೆವು. ಅವನಿಗೂ ಈಗ ತಲೆ ನೆರೆತಿದೆ. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ, “ಓಡಿಸಿ ಕೆಡಿಸಿದ್ದನ್ನ ರಿಪೇರಿ ಮಾಡೂದು ಸಸಾರ ರೀ ಸಾಹೇಬ್ರ. ನಿಲ್ಲಿಸಿ ಕೆಡಿಸಿದ್ದು ಭಾಳ ತ್ರಾಸ,” ಎಂದನು. ಎಂಜಿನ್ ಜಾಮ್ ಆಗಿದೆ. ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರುಗಳಿಗೆ ಎಣ್ಣೆ ಹಾಕಿ, ಹದಿನೈದು ದಿನ ನೆನೆಯಲಿ, ಆಮೇಲೆ ಪಾನಾ ಹಾಕಿ ಮೆಲ್ಲಗೆ ತಿರುಗಿಸಿ ನೋಡೋಣ, ತಿರುಗಿದರೆ ಪುಣ್ಯ ಎಂದು ಹೇಳಿ ಹೋದನು.

ಅದೇ ದಿನ ನಮ್ಮ ಮನೆಯವರು ತಮ್ಮ ಟ್ರಂಕನ್ನು ತೆರೆದರು. ಅವರ ತವರಿನವರು ಮದುವೆಯಲ್ಲಿ ಉಡಿಸಿದ ರೇಷ್ಮೆಯ ಇಳಕಲ್ ಸೀರೆ, ಉಟ್ಟರೆ ಹಾಳಾದೀತೆಂದು ಮೂರೋ ನಾಲ್ಕೋ ಸಲ ಮಾತ್ರ ಉಟ್ಟದ್ದು, ಮಡಿಕೆಯಿಟ್ಟಲ್ಲಿಯೇ ಗೆರೆ ಎಳೆದಂತೆ ಸೀಳಿದ್ದಿತು. ದಿನದ ಬಳಕೆಗೆ ಉಟ್ಟ ಅದೇ ಕಾಲದ ನೂಲಿನ ಸೀರೆ ಮೆತ್ತಗಾಗಿ, ಮೊಮ್ಮಗುವಿನ ಕೌದಿಯಾಗಿ ಇನ್ನೂ ಮನೆಯಲ್ಲಿದೆ. ಟ್ರಂಕಿನಲ್ಲಿ ಇನ್ನೆರಡು ಒಳ್ಳೆಯ ಸೀರೆಗಳಿದ್ದವು. ಅವುಗಳಲ್ಲಿ ಒಂದನ್ನು ಅವರು ಅಂದು ಸಂಜೆಯೇ ಉಟ್ಟರು. ಹಬ್ಬವೂ ಇರಲಿಲ್ಲ, ಹುಣ್ಣಿಮೆಯೂ ಇರಲಿಲ್ಲ.

ಓದುಗ ಬಂಧುಗಳೇ, ನಿಮ್ಮ ಮನೆಗಳಲ್ಲಿಯೂ ಅಟ್ಟದ ಮೇಲಿನ ತಾಮ್ರದ ಕೊಡ, ಗವಸಣಿಗೆ ಹಾಕಿಟ್ಟ ಹಾರ್ಮೋನಿಯಂ, ಅಜ್ಜನ ಗಡಿಯಾರ ಇದ್ದೀತು. ಕೆಳಗಿಳಿಸಿ ಬಳಸಿರಿ, ಬಳಸುವಾಗ ಆರೈಕೆ ಮಾಡಿರಿ. ಇನ್ನು ಮನೆಯ ಹಿರಿಯರ ಕೈಯಿಂದ ಏನನ್ನಾದರೂ ತೆಗೆದಿಡುವ ಮೊದಲು, ಅದು ಕೀಲಿಕೈಯಾಗಲಿ, ಅಂಗಡಿಯ ಲೆಕ್ಕದ ಪುಸ್ತಕವಾಗಲಿ, ಅಡಿಗೆಮನೆಯ ಸೌಟಾಗಲಿ, ಒಂದು ಸಲ ಅವರನ್ನೇ ಕೇಳಿರಿ.

ಈ ಲೇಖನ ಬರೆಯುವ ಹೊತ್ತಿಗೆ ಮಿಸ್ತ್ರಿ ಹೇಳಿದ ಹದಿನೈದು ದಿನಗಳಲ್ಲಿ ಒಂಬತ್ತು ಕಳೆದಿವೆ. ಬೆಳಿಗ್ಗೆ ಎದ್ದು ಶೆಡ್ಡಿಗೆ ಹೋಗಿ, ಪ್ಲಗ್ಗಿನ ತೂತುಗಳಲ್ಲಿ ಎಣ್ಣೆ ಇಳಿದಿದ್ದರೆ ಇನ್ನಷ್ಟು ಹಾಕಿ, ಕಾರನ್ನು ಅರಿವೆಯಿಂದ ಒರೆಸಿ ಬರುತ್ತೇವೆ.